ಬಚ್ಚಿಟ್ಟ ದಿನಚರಿ, ಕದ್ದ ದಿನಚರಿ

ಬೇಸಿಗೆ ಕಳೆಯಲೆಂದು ಬಾಡಿಗೆಗೆ ಹಿಡಿದ ಹಳೇ ಬಂಗಲೆ. ಮಹಡಿಯ ಮೇಲೊಂದು ಕೋಣೆ, ಕಿಟಕಿಗೆ ಸರಳು, ನೆಲಕ್ಕೆ ಮೊಳೆ ಹೊಡೆದು ಕೂರಿಸಿದ ಮಂಚ. ಹೆರಿಗೆಯ ನಂತರ ಮನಸ್ಸು ಕುಗ್ಗಿದ ಹೆಂಡತಿಯನ್ನು ಡಾಕ್ಟರ್ ಗಂಡ ಇಲ್ಲಿ ತಂದಿರಿಸುತ್ತಾನೆ. ವಿಶ್ರಾಂತಿಯೇ ಮದ್ದು, ಬರೆಯಕೂಡದು. ಅವಳೋ ಕದ್ದು ಬರೆಯುತ್ತಾಳೆ. ಯಾರಾದರೂ ಬಂದರೆ ಬಚ್ಚಿಡುತ್ತಾಳೆ. ಅಮೆರಿಕದ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ ಆ ಕದ್ದು ಬರೆದ ಪುಟಗಳೇ.

ಇದರಲ್ಲಿ ಕಟ್ಟುಕತೆ ಎಷ್ಟೋ, ಅನುಭವವೂ ಅಷ್ಟೇ. 1887ರಲ್ಲಿ ಹೆಸರಾಂತ ವೈದ್ಯ ಸೈಲಾಸ್ ವೇರ್ ಮಿಚೆಲ್ ಗಿಲ್ಮನ್‌ಗೂ ಇಂಥದೇ ಪಥ್ಯ ಹೇಳಿದ್ದರು: ದಿನಕ್ಕೆರಡು ಗಂಟೆಗಿಂತ ಹೆಚ್ಚು ಬುದ್ಧಿಯ ಕೆಲಸ ಬೇಡ, ಬದುಕಿರುವ ತನಕ ಪೆನ್ನು, ಕುಂಚ ಮುಟ್ಟಬೇಡ. ಹುಚ್ಚಿನ ಅಂಚಿಗೆ ಹೋಗಿ ಬಂದ ಆಕೆ, ಕಥೆ ಬರೆದು ಒಂದು ಪ್ರತಿಯನ್ನು ಆ ವೈದ್ಯರಿಗೇ ಕಳಿಸಿದರು. ಉತ್ತರ ಬರಲಿಲ್ಲ.

ಕಥೆಯ ಹೆಂಗಸಿಗೆ ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಅಂಬೆಗಾಲಿಡುವ ಒಬ್ಬಳು ಕಾಣತೊಡಗುತ್ತಾಳೆ. ಗೋಡೆಯ ಬುಡದಲ್ಲಿ ಕೋಣೆಯ ಸುತ್ತಲೂ ಯಾರೋ ಉಜ್ಜಿಕೊಂಡು ಹೋದ ಗುರುತಿದೆ. ಯಾರದಿರಬಹುದು ಎಂದು ಅಚ್ಚರಿಪಡುವ ಅವಳ ಭುಜವೇ ಕೊನೆಗೆ ಆ ಗುರುತಿಗೆ ಸರಿಯಾಗಿ ಕೂರುತ್ತದೆ. ಅಷ್ಟರಲ್ಲಿ ಅವಳ ಬರವಣಿಗೆಯಲ್ಲಿ ಅಳುಕೇ ಉಳಿದಿರುವುದಿಲ್ಲ. ಮನಸ್ಸು ಕೆಟ್ಟಷ್ಟೂ ತಾನು ಗುಣವಾಗುತ್ತಿದ್ದೇನೆಂಬ ಗೆಲುವು! ಅದಾಗಲೇ ಅಪಾಯ ಕಂಡಿರುವ ಓದುಗರಿಗೆ ಕೂಗಿ ಹೇಳುವ ದಾರಿಯಿಲ್ಲ.

ಜಪಾನಿನ ಸತೋಶಿ ಕೋನ್ ಅವರ ಮೊದಲ ಚಿತ್ರ, ಅನಿಮೇಷನ್‌ನಲ್ಲಿ ಮಾಡಿದ ‘ಪರ್ಫೆಕ್ಟ್ ಬ್ಲೂ’ (1997), ನೋಡುಗರಿಗೆ ಅಪಾಯವನ್ನು ಮೊದಲೇ ಕಾಣುವ ಆ ಅನುಕೂಲವನ್ನೂ ಕೊಡುವುದಿಲ್ಲ. ಪಾಪ್ ಗಾಯಕಿ ಮಿಮಾ ಹಾಡು ಬಿಟ್ಟು ನಟನೆಗೆ ಬಂದಿದ್ದಾಳೆ. ಇಂಟರ್ನೆಟ್ ಇನ್ನೂ ಹೊಸತು. ಮ್ಯಾನೇಜರ್ ರೂಮಿ ಕಂಪ್ಯೂಟರ್ ಹೊಂದಿಸಿಕೊಡುತ್ತಾಳೆ. ತೆರೆದರೆ, ಮಿಮಾಳ ಹೆಸರಿನಲ್ಲಿ ಯಾರೋ ದಿನಚರಿ ಬರೆಯುತ್ತಿದ್ದಾರೆ. ರೈಲಿನಿಂದ ಇಳಿಯುವಾಗ ಮೊದಲು ಯಾವ ಕಾಲಿಡುತ್ತಾಳೆ, ಅಂಗಡಿಯಲ್ಲಿ ಏನು ಕೊಂಡಳು, ಎಲ್ಲವೂ ಅಲ್ಲಿದೆ. ಮೊದಲು ನಗುತ್ತಾಳೆ. ಮುಂದಿನ ಸಾಲಿಗೆ ನಗು ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ, ಈವತ್ತು ತಾನೆಲ್ಲಿಗೆ ಹೋಗಿದ್ದೆ ಎಂಬುದಕ್ಕೆ ಅವಳೇ ಆ ಪುಟ ನೋಡಬೇಕಾಗುತ್ತದೆ. ಚಿತ್ರೀಕರಣ, ಕನಸು, ಕೊಲೆ, ಒಂದರೊಳಗಿಂದ ಇನ್ನೊಂದು ಹೊರಡುತ್ತದೆ. ಹಾಸಿಗೆಯಲ್ಲಿ ಬೆಚ್ಚಿ ಎದ್ದು ಕೂರುವ ಮಿಮಾಳಿಗಿಂತ ನೋಡುಗರಿಗೆ ಒಂದು ಕೂದಲಷ್ಟೂ ಹೆಚ್ಚು ಗೊತ್ತಿರುವುದಿಲ್ಲ.

ಹಾಗೆಂದು ಕೋನ್ ಬರೀ ಗೊಂದಲ ಎಬ್ಬಿಸಿ ಕೈತೊಳೆದುಕೊಂಡವರಲ್ಲ. ಪುಟಗಳ ಹಿಂದಿದ್ದವಳು ರೂಮಿ, ಒಂದು ಕಾಲದಲ್ಲಿ ತಾನೂ ಗಾಯಕಿಯಾಗಿದ್ದವಳು. ಮಿಮಾ ಕಳಚಿಟ್ಟ ವೇಷವನ್ನು ಅವಳು ತೊಟ್ಟಿದ್ದಾಳೆ. ಮಿಮಾ ಪಾರಾಗುತ್ತಾಳೆ, ರೂಮಿ ಆಸ್ಪತ್ರೆ ಸೇರುತ್ತಾಳೆ. ಎರಡೂ ಕಡೆ ಪೂರ್ತಿ ಮುಳುಗಿದವಳು ದಿನಚರಿ ಬರೆಯುತ್ತಿದ್ದವಳೇ. ಆದರೆ ಒಬ್ಬಳಿಗೆ ತನ್ನ ಬದುಕನ್ನು ಬರೆದುಕೊಳ್ಳಲು ಬಿಡಲಿಲ್ಲ. ಇನ್ನೊಬ್ಬಳು ಬೇರೆಯವಳ ಬದುಕು ಬರೆಯುತ್ತ ತನ್ನದನ್ನು ಅಳಿಸಿಕೊಂಡಳು. ಹೆದರಿಸುವುದರಲ್ಲಿ ಸಿನಿಮಾ ಒಂದು ಕೈ ಮೇಲು. ಕನಿಕರಕ್ಕೆ ಮಾತ್ರ ಕಥೆಯೇ ಬೇಕು, ಏಕೆಂದರೆ ಅದರ ನಾಯಕಿಗೆ ಪಾರಾಗುವ ಬಾಗಿಲನ್ನು ಯಾರೂ ತೆರೆದಿಟ್ಟಿರಲಿಲ್ಲ.

ಕಥೆ ಒಂದೇ ಗುಕ್ಕಿಗೆ ಮುಗಿಯುತ್ತದೆ, ಮೊದಲು ಅದನ್ನು ಓದಿ. ಆಮೇಲೆ ಚಿತ್ರ ನೋಡುವುದಾದರೆ, ಕಾರ್ಟೂನಲ್ಲವೇ ಎಂದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಅದರಲ್ಲಿನ ರಕ್ತ, ಹಿಂಸೆ ದೊಡ್ಡವರಿಗೇ ಹೆಚ್ಚು.