ಟ್ವಿಸ್ಟ್ ಎಂಬ ಪದದೊಳಗಿನ ಎರಡು

ಈಗ ಟ್ವಿಸ್ಟ್ ಇಲ್ಲದ ಸುದ್ದಿಯೇ ಇಲ್ಲ. ಸಿನಿಮಾ ಕಥೆಗೆ ಟ್ವಿಸ್ಟ್, ಚುನಾವಣೆಗೆ ಟ್ವಿಸ್ಟ್, ಧಾರಾವಾಹಿಗಂತೂ ದಿನಕ್ಕೊಂದು. ತಿರುವು ಎನ್ನುವ ನಮ್ಮ ಒಳ್ಳೆಯ ಪದ ಮೂಲೆ ಸೇರಿದೆ. ಇರಲಿ. ಬ್ಯಾಂಕಿನಲ್ಲಿ ಅಂಕಿಗಳ ಜೊತೆಗೇ ಬದುಕಿದ ನನಗೆ ಈ ಪದ ಹಿಡಿಸಿದ್ದು ಅದರ ಹೊಟ್ಟೆಯಲ್ಲಿ ಒಂದು ಅಂಕಿ ಅಡಗಿರುವುದರಿಂದ. ಅದು ಎರಡು.

ಮಕ್ಕಳೇ, ಇಂಗ್ಲಿಷಿನಲ್ಲಿ ‘ಟೂ’ ಎಂದು ಎರಡನ್ನು ಬರೆಯುವಾಗ ನಡುವೆ ಒಂದು ‘ಡಬ್ಲ್ಯು’ ಬಾಯಿ ಮುಚ್ಚಿಕೊಂಡು ಕೂತಿರುತ್ತದಲ್ಲ? ಹಿಂದೆ ಅದನ್ನೂ ಉಚ್ಚರಿಸುತ್ತಿದ್ದರು. ಆ ಸದ್ದು ಟ್ವಿನ್, ಟ್ವೈಸ್, ಟ್ವೆಂಟಿಗಳಲ್ಲಿ ಇನ್ನೂ ಉಳಿದಿದೆ. ಟ್ವೆಲ್ವ್ ಎಂದರೆ, ಹತ್ತು ಎಣಿಸಿದ ಮೇಲೆ ಎರಡು ಉಳಿಯಿತು ಎಂದೇ ಮೂಲಾರ್ಥ. ಟ್ವಿಸ್ಟ್ ಕೂಡ ಇದೇ ಮನೆತನದ್ದು: ಎರಡು ಎಳೆ ಸೇರಿಸಿ ಹೊಸೆಯುವುದು. ಹಳೆಯ ಇಂಗ್ಲಿಷಿನಲ್ಲಿ ಹಡಗಿನ ಪಟದ ಕಂಬವನ್ನು ಬಿಗಿಯುವ ಹಗ್ಗದ ಹೆಸರಿನಲ್ಲೂ ಈ ಪದವಿತ್ತು.

ವಿಚಿತ್ರ ಇನ್ನು ಮುಂದಿದೆ. ಡಚ್ ಭಾಷೆಯಲ್ಲಿ ಇದೇ ‘ಟ್ವಿಸ್ಟ್’ ಎಂದರೆ ಜಗಳ! ಜರ್ಮನ್ನಿನ ‘ತ್ಸ್ವಿಸ್ಟ್’ ಕೂಡ ಅದೇ. ಎರಡು ಒಂದಾದರೂ ಟ್ವಿಸ್ಟ್, ಒಂದು ಎರಡಾದರೂ ಟ್ವಿಸ್ಟ್. 1960ರಲ್ಲಿ ಚಬ್ಬಿ ಚೆಕರ್ ಹಾಡಿನಿಂದ ಅಮೆರಿಕಕ್ಕೆ ಹುಚ್ಚು ಹಿಡಿಸಿದ ಟ್ವಿಸ್ಟ್ ಕುಣಿತದಲ್ಲೂ ಜೋಡಿ ಎದುರುಬದುರು ಇರುತ್ತದೆ, ಕೈ ಮಾತ್ರ ಹಿಡಿಯುವುದಿಲ್ಲ.

ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದೇನೂ ಆಶ್ಚರ್ಯವಲ್ಲ. ನಮ್ಮಮ್ಮ ತೆಂಗಿನ ನಾರಿನ ಎರಡು ಎಳೆಗಳಿಗೆ ಅಂಗೈಯಲ್ಲಿ ಒಂದೇ ಕಡೆಗೆ ಹುರಿ ಕೊಟ್ಟು, ಆಮೇಲೆ ಎರಡನ್ನೂ ಸೇರಿಸಿ ಎದುರು ದಿಕ್ಕಿಗೆ ಸುತ್ತುತ್ತಿದ್ದಳು. ಒಂದೊಂದು ಎಳೆಯೂ ತನ್ನ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ. ಆ ಎಳೆದಾಟವೇ ಜೋಡಿಯನ್ನು ಬಿಗಿ ಮಾಡುತ್ತದೆ. ಒಂಟಿ ಎಳೆಗೆ ಹುರಿ ಕೊಟ್ಟು ಕೈಬಿಟ್ಟರೆ ಕ್ಷಣದಲ್ಲಿ ಬಿಚ್ಚಿಹೋಗುತ್ತದೆ. ಮನೆಯಲ್ಲಿ ದಾರ ಹಿಡಿದು ಮಾಡಿ ನೋಡಿ.

ತೋಟ ಪಾಲಾದ ವರ್ಷ ನಾನೂ ಅಣ್ಣನೂ ಮಾತು ಬಿಟ್ಟಿದ್ದೆವು. ಗಡಿಯಲ್ಲಿದ್ದ ಬಾವಿ ಮಾತ್ರ ಪಾಲಾಗಿರಲಿಲ್ಲ. ಅದರ ಹಗ್ಗ ಸವೆದಾಗ ಅಮ್ಮ ಇಬ್ಬರನ್ನೂ ಕರೆದು, ಆ ತುದಿಗೊಬ್ಬನನ್ನು ಈ ತುದಿಗೊಬ್ಬನನ್ನು ನಿಲ್ಲಿಸಿದಳು. ಅಷ್ಟುದ್ದದ ಹಗ್ಗ ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ.

“ಸರಿಯಾಗಿ ಬಿಗಿ ಹಿಡ್ಕೊಳೋ” ಎಂದು ಅಣ್ಣ ಗದರಿದ. ಎಂಟು ತಿಂಗಳಲ್ಲಿ ಅದೇ ಅವನ ಮೊದಲ ಮಾತು.