ಸಾಲಗಾಮೆ ರಸ್ತೆಯ ಡಿಶ್‌ಗಳು

ಹಾಸನದವರಿಗೆ ಸಾಲಗಾಮೆ ರಸ್ತೆಯ ಎಂಸಿಎಫ್ ಗೊತ್ತೇ ಇರುತ್ತೆ. ಚಿಕ್ಕವಳಿದ್ದಾಗ ಅಪ್ಪನ ಸ್ಕೂಟರ್‌ನಲ್ಲಿ ಆ ಕಡೆ ಹೋದಾಗಲೆಲ್ಲ ಆ ದೊಡ್ಡ ಬಿಳಿ ಡಿಶ್‌ಗಳನ್ನು ಬಾಯಿಬಿಟ್ಕೊಂಡು ನೋಡ್ತಿದ್ದೆ. "ಮೇಲಿರೋ ಉಪಗ್ರಹಗಳನ್ನ ಕಾಯೋದು ಇಲ್ಲಿಂದ" ಅಂತಿದ್ರು ಅಪ್ಪ. ನನ್ನ ಮನಸ್ಸಿನಲ್ಲಿ ಅವು ದನಗಳ ಹಾಗೆ, ಇವರು ಕಾಯೋರು.

2019ರ ಮಾರ್ಚ್ 27. ಸಿಇಟಿಗೆ ಓದ್ತಾ ಕೂತಿದ್ದೆ. ಟಿವಿಯಲ್ಲಿ ಪ್ರಧಾನಿ 'ಮಿಷನ್ ಶಕ್ತಿ' ಘೋಷಿಸಿದರು: ಡಿಆರ್‌ಡಿಒ ಕ್ಷಿಪಣಿ ಸುಮಾರು 280 ಕಿ.ಮೀ. ಎತ್ತರದಲ್ಲಿ ನಮ್ಮದೇ ಉಪಗ್ರಹವೊಂದನ್ನು ಹೊಡೆದುರುಳಿಸಿತ್ತು. ಅಮೆರಿಕ, ರಷ್ಯಾ, ಚೀನಾ ಬಿಟ್ಟರೆ ನಾವೇ. ತಕ್ಷಣ ಬಾವುಟದ ಸ್ಟೇಟಸ್ ಹಾಕಿದೆ.

ಈಗ ಜರ್ಮನಿಯಲ್ಲಿ ಮಾಸ್ಟರ್ಸ್. ಕಳೆದ ಸೆಮಿಸ್ಟರ್‌ನ ಒಂದು ಸೆಮಿನಾರಿನಲ್ಲಿ ನಾವೆಲ್ಲ ಸೇರಿ ಅಣಕು ವಿಶ್ವಸಂಸ್ಥೆ ನಡೆಸಬೇಕಿತ್ತು. ಭಾರತದ ಬೋರ್ಡು ಯಾರ ಮುಂದೆ ಬಂತು ಅಂತ ಹೇಳಬೇಕಿಲ್ಲ! ಇಂಥ ಸ್ಫೋಟಕ ಪರೀಕ್ಷೆಗಳನ್ನು ನಿಲ್ಲಿಸೋಣ ಎಂಬ 2022ರ ಡಿಸೆಂಬರ್‌ನ ನಿರ್ಣಯವೇ ವಿಷಯ. ಅಂದು 155 ದೇಶಗಳು ಪರವಾಗಿದ್ದವು, ರಷ್ಯಾ, ಚೀನಾ ಸೇರಿ 9 ವಿರುದ್ಧ. ಭಾರತ ತಟಸ್ಥ.

ನಾನು ಜೋರಾಗೇ ತಯಾರಾಗಿದ್ದೆ. 1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರ ಇಡಬಾರದು ಅನ್ನುತ್ತೆ, ನೆಲದಿಂದ ಹೊಡೆಯಬಾರದು ಅಂತ ಎಲ್ಲೂ ಹೇಳಿಲ್ಲ. ಚೀನಾ 2007ರಲ್ಲಿ 850 ಕಿ.ಮೀ.ಗೂ ಮೇಲೆ ಒಡೆದು 3,000ಕ್ಕೂ ಹೆಚ್ಚು ಚೂರು ಮಾಡಿತು. 2021ರಲ್ಲಿ ರಷ್ಯಾದ ಪರೀಕ್ಷೆಯಿಂದ ಅಂತರಿಕ್ಷ ನಿಲ್ದಾಣದವರು, ರಷ್ಯನ್ನರೂ ಸೇರಿ, ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯ್ತು. ನಾವಾದರೋ ತಗ್ಗಿನಲ್ಲೇ ಹೊಡೆದ್ವಿ, ಚೂರುಗಳೆಲ್ಲ ಬೇಗ ಬಿದ್ದುಹೋದವು.

"ಎಲ್ಲವೂ?" ಅಂದಳು ಚೀನೀ ಸಹಪಾಠಿ, ಮೆತ್ತಗೆ.

ಇಲ್ಲ. 45 ದಿನ ಅಂದಿದ್ದರು. ಕೆಲವು ಚೂರು ನಿಲ್ದಾಣಕ್ಕಿಂತ ಮೇಲಕ್ಕೆ ಸಿಡಿದು, ವರ್ಷ ಕಳೆದರೂ ಸುತ್ತುತ್ತಲೇ ಇದ್ದವು. ಅದನ್ನು ಓದಿದ್ದೆ, ನೋಟ್ಸಿಗೆ ಮಾತ್ರ ಬರ್ಕೊಂಡಿರಲಿಲ್ಲ.

ಆದರೂ ಒಂದು ವಾದವನ್ನು ನಾನು ಈಗಲೂ ಬಿಟ್ಟುಕೊಡಲ್ಲ. ಪರಮಾಣು ಪ್ರಸರಣ ತಡೆ ಒಪ್ಪಂದ 1967ರ ಜನವರಿ 1ಕ್ಕೆ ಮುಂಚೆ ಬಾಂಬ್ ಸಿಡಿಸಿದವರನ್ನಷ್ಟೇ ಅಣ್ವಸ್ತ್ರ ದೇಶ ಅಂತ ಒಪ್ಪಿತು. 1974ರಲ್ಲಿ ಸಿಡಿಸಿದ ನಾವು ಹೊರಗೇ ಉಳಿದೆವು. ಮತ್ತೊಮ್ಮೆ ಬಾಗಿಲು ಹಾಕೋ ಮುಂಚೆ ಒಳಗೆ ಹೋಗಬೇಕು ಅನ್ನೋದು ತಪ್ಪಲ್ಲ. ಆದರೆ ಒಳಗೆ ಬಂದಾಯ್ತಲ್ಲ?

ಆ ರಾತ್ರಿ ಇನ್ನೊಂದು ಅಂಕಿ ಸಿಕ್ತು. 2023ರಲ್ಲಿ ಡಿಕ್ಕಿ ತಪ್ಪಿಸಲು ಇಸ್ರೋ ತನ್ನ ಉಪಗ್ರಹಗಳನ್ನು 23 ಸಲ ಪಕ್ಕಕ್ಕೆ ಸರಿಸಿತ್ತು. ಮನೆಗೆ ಫೋನ್ ಮಾಡಿದಾಗ ಅಪ್ಪ ಎಲ್ಲ ಕೇಳಿ, "ಒಂದ್ಸಲ ಹೊಡೆದು ತೋರ್ಸಿ ಆಯ್ತಲ್ಲ ಪುಟ್ಟಿ. ವರ್ಷಾ ವರ್ಷಾ ಒಡೆಯೋಕೆ ಅದೇನು ಮೊಸರು ಗಡಿಗೆನಾ?" ಅಂದ್ರು.

ಮರುದಿನದ ಮತದಾನದಲ್ಲಿ ಭಾರತದ ಬೋರ್ಡನ್ನು 'ಪರ'ಕ್ಕೆ ಎತ್ತಿದೆ. ದೇಶದ ನಿಜವಾದ ನಿಲುವನ್ನು ಪ್ರತಿನಿಧಿಸಲಿಲ್ಲ ಅಂತ ಪ್ರೊಫೆಸರ್ ಅಂಕ ಕಳೆದರು. ಅದೂ ಸರಿನೇ ಅನ್ನಿ.