ಒಂದು ಕಾಲುವೆ, ಎರಡು ಹೊಲ

ಗೋಕಾಕದ ನಮ್ಮ ಮನೆಯಲ್ಲಿ ನಡೆದ ಪ್ರಸಂಗವೊಂದನ್ನು ವಾಚಕರ ಮುಂದಿಡಬೇಕೆನಿಸಿದೆ. ಪ್ರಸಂಗ ಸಣ್ಣದು, ಅರವತ್ತು ದಾಟಿದ ನಮಗೆ ಅದು ಕಲಿಸಿದ ಪಾಠ ಸಣ್ಣದಲ್ಲ.

ನಮ್ಮ ಮೊಮ್ಮಗಳು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಅವಳ ಅಭ್ಯಾಸಕ್ಕೆಂದು ಟ್ಯಾಬ್ ಒಂದನ್ನು ಕೊಂಡೆವು. ಅದಕ್ಕೆ ಸಿಮ್ ಇಲ್ಲ. ನಮ್ಮ ಮೊಬೈಲಿನ ಹಾಟ್‌ಸ್ಪಾಟ್ ತೆರೆದರೆ ಅದಕ್ಕೂ ಇಂಟರ್‌ನೆಟ್ ದೊರೆಯುತ್ತದೆ. ಎರಡಕ್ಕೂ ಸೇರಿ ದಿನಕ್ಕೆ ಒಂದೂವರೆ ಜಿಬಿ. ಒಂದೇ ರೀಚಾರ್ಜ್ ಸಾಕೆಂದು ನಿರ್ಧರಿಸಿದವರು ನಾವೇ.

ಕೆಲವು ದಿನಗಳಲ್ಲಿಯೇ ತೊಡಕು ಕಾಣಿಸಿತು. ಸಂಜೆ ಅವಳು ಭೌತಶಾಸ್ತ್ರದ ಪಾಠ ತೆರೆದೊಡನೆ ಚಿತ್ರ ನಿಂತುಬಿಡುತ್ತಿತ್ತು. ದಿನದ ಪಾಲು ತೀರಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಹೊಸ ಪಾಲು ಬರುವುದು ರಾತ್ರಿ 12ರ ಮೇಲೆ. ಪರೀಕ್ಷೆ ಸಮೀಪಿಸಿತ್ತು. ನಾವು ವಿಚಾರಿಸದೆ ಗದರಿದೆವು: "ದಿನಾ ಏನೇನ್ ನೋಡ್ತೀಯವ್ವಾ? ಡೇಟಾ ಎಲ್ಲಾ ಎಲ್ಲಿ ಹೋಗತೈತಿ?"

"ಪಾಠ ಬಿಟ್ಟು ಏನೂ ನೋಡಿಲ್ರಿ ಅಜ್ಜಾ" ಎಂದಳು. ನಾವು ನಂಬಲಿಲ್ಲ. ಅಂದು ಮಧ್ಯರಾತ್ರಿ ಎಚ್ಚರವಾಗಿ ನೋಡಿದರೆ, ನಡುಮನೆಯಲ್ಲಿ ನಮ್ಮ ಮೊಬೈಲಿನ ಪಕ್ಕದಲ್ಲಿ ಟ್ಯಾಬ್ ಹಿಡಿದು ಕುಳಿತಿದ್ದಳು. ಹೊಸ ಪಾಲಿಗಾಗಿ ಕಾದಿದ್ದು, ನಿಂತುಹೋದ ಪಾಠವನ್ನೇ ಕೇಳುತ್ತಿದ್ದಳು.

ಆ ದೃಶ್ಯ ಮನಸ್ಸನ್ನು ಕಲಕಿತು. ಮರುದಿನ ಮೂಡಲಗಿಯ ತಂಗಿಯ ಮನೆಗೆ ಹೋದಾಗ ಸೋದರಳಿಯನಿಗೆ ಮೊಬೈಲ್ ತೋರಿಸಿದೆವು. "ಲೆಕ್ಕ ಇದರಾಗ ಐತ್ರಿ ಮಾವಾರ" ಎಂದು ಸೆಟ್ಟಿಂಗ್ಸಿನಲ್ಲಿ ಡೇಟಾ ಬಳಕೆಯ ಪುಟ ತೆರೆದ. ಹಾಟ್‌ಸ್ಪಾಟಿನ ಪಾಲು ಅಲ್ಲಿ ಬೇರೆಯಾಗಿಯೇ ಇತ್ತು, ಅದು ಕಡಿಮೆ. ದೊಡ್ಡ ಪಾಲು ನಮ್ಮದು! ಮುಂಜಾವಿನಲ್ಲಿ ಮಲ್ಲಿಕಾರ್ಜುನ ಮನಸೂರರ ಗಾಯನ ಕೇಳುವುದು ನಮ್ಮ ರೂಢಿ. ನಾವು ಕಣ್ಣು ಮುಚ್ಚಿ ಕೇಳುವೆವು. ಮಗುಚಿಟ್ಟ ಮೊಬೈಲಿನಲ್ಲಿ ಚಿತ್ರ ಮಾತ್ರ ಹರಿಯುತ್ತಲೇ ಇರುವುದು. ನಾವು ಸ್ನಾನಕ್ಕೆ ಎದ್ದ ಮೇಲೂ ಒಂದರ ಹಿಂದೆ ಒಂದು ವಿಡಿಯೊ ತಾನಾಗಿ ನಡೆಯುವುದು. ಉತ್ತಮ ಗುಣಮಟ್ಟದ ಚಿತ್ರಕ್ಕೆ ತಾಸಿಗೆ ಒಂದು ಜಿಬಿಯೂ ಬೇಕಾದೀತು. ಧ್ವನಿಯಷ್ಟೇ ಆದರೆ ಸುಮಾರು 60 ಎಂಬಿ ಸಾಕು.

ಅಳಿಯನು ಹೊಲದ ಬದುವಿಗೆ ಕರೆದೊಯ್ದ. ನಾವು ಹುಟ್ಟಿದ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತ ಘಟಪ್ರಭೆಯ ನೀರು, ಗೋಕಾಕ ತಾಲೂಕಿನ ಧೂಪದಾಳದಲ್ಲಿ 1897ರಲ್ಲಿ ಕಟ್ಟಿ ಮುಗಿಸಿದ ಒಡ್ಡಿನಿಂದ ಎಡದಂಡೆ ಕಾಲುವೆಗೆ ತಿರುಗಿ ಈ ಭಾಗಕ್ಕೆ ಬರುತ್ತದೆ. ಅವನೆಂದ: "ಮ್ಯಾಲಿನ ಹೊಲದಾವ ನೀರ ಬಿಟ್ಟು ಮಲಗಿದ್ರ ಕೆಳಗಿನವಗ ಹನಿ ಸಿಗೂದಿಲ್ರಿ. ಅವ ಕಳ್ಳ ಅಲ್ಲ, ಅವಗ ಖಬರಿಲ್ಲ ಅಷ್ಟ."

ಮೇಲಿನ ಹೊಲದವರು ನಾವೇ ಆಗಿದ್ದೆವು, ಗದರಿಸಿಕೊಂಡವಳು ಕೆಳಗಿನವಳು.

ಮತ್ತೊಂದು ಸಂಗತಿಯನ್ನೂ ಅವನು ತಿಳಿಸಿದ. ಟ್ಯಾಬಿಗೆ ಹಾಟ್‌ಸ್ಪಾಟ್ ಎಂದರೆ ಒಂದು ವೈಫೈ. ವೈಫೈ ಎಂದೊಡನೆ ಧಾರಾಳವೆಂದು ಬಗೆದು ಅದು ಆ್ಯಪ್‌ಗಳನ್ನು ನವೀಕರಿಸಿಕೊಳ್ಳುತ್ತದೆ, ಫೋಟೊಗಳನ್ನು ಮೇಲೇರಿಸುತ್ತದೆ. ಆದ್ದರಿಂದ ಟ್ಯಾಬಿನ ವೈಫೈ ಸೆಟ್ಟಿಂಗ್ಸಿನಲ್ಲಿ ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಬೇಕು.

ಮನೆಗೆ ಮರಳಿ ಮೊಮ್ಮಗಳನ್ನು ಕರೆದು, "ತಪ್ಪು ನಮ್ಮದವ್ವಾ" ಎಂದೆವು. ಅಷ್ಟನ್ನು ಹೇಳಲು ನಾಲಿಗೆ ತಡವರಿಸಿತು. ಅವಳು ನಕ್ಕು, ಲೆಕ್ಕದ ಪುಟ ನೋಡುವುದನ್ನು ನಮಗೆ ಇನ್ನೊಮ್ಮೆ ಕಲಿಸಿದಳು. ಈಗ ಒಂದು ಜಿಬಿ ಅವಳಿಗೆ, ಉಳಿದದ್ದು ನಮಗೆ. ದಿನದ ಕೊನೆಗೆ ಮಿಕ್ಕಿದ್ದು ಮರುದಿನಕ್ಕೆ ಸೇರದಾದ್ದರಿಂದ, ಮಲಗುವ ಮುನ್ನ ಅದರಲ್ಲಿ ಮರುದಿನದ ಗಾಯನವನ್ನು ಇಳಿಸಿಟ್ಟುಕೊಳ್ಳುತ್ತೇವೆ. ಪಾಠ ಮುಗಿದೊಡನೆ ಹಾಟ್‌ಸ್ಪಾಟ್ ಮುಚ್ಚುತ್ತೇವೆ, ಬ್ಯಾಟರಿಯೂ ಉಳಿಯುತ್ತದೆ.

ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದವರು ನಾವು. ಪಂಕ್ತಿಯ ಕೊನೆಯವನಿಗೆ ಬಡಿಸಿದ ಮೇಲೆಯೇ ಮೊದಲಿಗನು ತುತ್ತೆತ್ತಬೇಕೆಂಬುದು ಅಲ್ಲಿಯ ನೇಮವಾಗಿತ್ತು. ಅಷ್ಟು ವರ್ಷ ಪಾಲಿಸಿದ ನೇಮವನ್ನು ಕಣ್ಣಿಗೆ ಕಾಣದ ವಸ್ತುವಿನಲ್ಲಿ ಮರೆತಿದ್ದೆವು. ಹಿರಿಯರು ಮಕ್ಕಳ ಲೆಕ್ಕ ಕೇಳುವ ಮುನ್ನ ತಮ್ಮ ಲೆಕ್ಕವನ್ನೊಮ್ಮೆ ತೆರೆದು ನೋಡುವುದು ಒಳಿತು.